ಸೀಟಿ ಹೊಡೆದರೆ ಏಳುವ ಟೊಂಕ

ಊಹಿಸಿ ನೋಡ್ರಿ: ಟೊಂಕ ನೋವಿನಿಂದ ಆರು ವರ್ಷ ಬಸ್ಸೇ ಹತ್ತದ ಮನುಷ್ಯ ಜಮಖಂಡಿಯಿಂದ ಸಾವಳಗಿಗೆ ಬಸ್ಸಿನಲ್ಲಿ ಹೊರಟ. ದಾರಿಯಲ್ಲಿ ಏನಾಗಿರಬಹುದು? ಟೊಂಕ ಹಿಡಿಯಿತು ಅಂದಿರಾ? ಹಾಗಾಗಿದ್ದರೆ ನಾನೇಕೆ ಇಷ್ಟು ಖುಷಿಯಿಂದ ಹೇಳುತ್ತಿದ್ದೆ! ನೋವು ಜೊತೆಯಾದ ಮೇಲೆ ಇಂಥವು ಆಗುತ್ತಲೇ ಇವೆ.

೧. ಮುನ್ಸೂಚನೆ

ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಎಲ್ಲಕ್ಕೂ ಕಾರಣ ಕೇಳುವ ಚಟ. ಆದರೆ ಬೇಕಾದದ್ದು ಒಂದೇ: ನಾಗರ ಪಂಚಮಿಗೆ ಸಾವಳಗಿಯ ತಂಗಿಯನ್ನು ನಾನೇ ಹೋಗಿ ಕರೆತರಬೇಕು. ಆರು ವರ್ಷದಿಂದ ಅವಳೇ ಬಂದು ಹೊಸ್ತಿಲಲ್ಲಿ ನಿಂತು, "ಕರ್ಯಾಕ ಬರದಾವ್ರ ಮನಿ ಇದ ಹೌದಲ್ಲೊ?" ಎಂದು ಚುಚ್ಚುತ್ತಿದ್ದಳು.

ವ್ಯಾಯಾಮ ಕಲಿಸುವ ಡಾಕ್ಟರಮ್ಮ ಹೇಳಿದರು: "ನೋವು ಪೂರಾ ಹೋಗೂದಿಲ್ರಿ ಸರ್. ಅದನ್ನ ಕಟಗೊಂಡ ಛಲೋ ಬದುಕೂದ ಕಲೀರಿ. ಬರೂಕಿಂತ ಮೊದಲ ಎದ್ದ ನಿಲ್ರಿ."

"ಬರೂಕಿಂತ ಮೊದಲ ಹೆಂಗ ಗೊತ್ತಾಗಬೇಕ್ರಿ?"

"ಇಷ್ಟ ವರ್ಷ ಸಂಸಾರ ಮಾಡೀರಿ. ಮನ್ಯಾಗ ಸಿಟ್ಟ ಬರೂಕಿಂತ ಮೊದಲ ಗೊತ್ತಾಗೂದಿಲ್ಲೇನ್ರಿ?"

ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ನಾನು ತಟ್ಟನೆ ಎದ್ದು ನಿಂತೆ.

೨. ಮೂರು ಸೀಟಿ

ಹೊತ್ತುಹೊತ್ತಿಗೆ ಏಳಲೆಂದು ಇಟ್ಟ ಮೊಬೈಲಿನ ಅಲಾರಂ ನನಗೆ ಕೇಳಿಸದು. "ಕುಕ್ಕರ್ ಸೀಟಿ ಹೊಡದಾಗ ಏಳ್ರಿ, ಓಣಿಗೆಲ್ಲಾ ಕೇಳತೈತಿ" ಎಂದಳು ಹೆಂಡತಿ. ತಿಂಗಳೊಳಗೆ ಎಷ್ಟು ರೂಢಿಯಾಯಿತೆಂದರೆ, ಸೀಟಿ ಕೇಳಿದರೆ ನನಗಿಂತ ಮೊದಲು ಟೊಂಕವೇ ಎದ್ದಿರುತ್ತಿತ್ತು.

ಒಂದು ದಿನ ಎದುರುಮನೆಗೆ ಹರಟೆಗೆ ಹೋಗಿದ್ದೆ. ಮನೆಯ ಯಜಮಾನರು ರಬಕವಿಯಲ್ಲಿ ಮಗ್ಗ ನೇಯ್ದು ದಣಿದು ಬಂದ ಹಿರಿಯರು. ಒಳಗೆ ಸೀಟಿ. ಎದ್ದೆ. "ಏ, ಚಾ ಕುಡುದ ಹೋಗ್ರಿ." ಕೂತೆ. ಮತ್ತೆ ಸೀಟಿ. ಎದ್ದೆ. "ಉಪ್ಪಿಟ್ಟ ಮಾಡಸ್ತೀನಿ, ಕುಂಡ್ರಿ." ಮೂರನೆಯದಕ್ಕೂ ಎದ್ದೆ ನೋಡಿ, ಅವರು ಒಳಗೆ ಕೂಗಿದರು: "ಲಗೂ ತಾಟ ಹಚ್ಚರಿ, ಸರ್ ಸಿಟ್ಟಾಗ್ಯಾರ!"

೩. ಕಬ್ಬಿನ ಹೊಲದ ಸ್ಟಾಪು

ಈ ಶ್ರಾವಣದ ಹೊತ್ತಿಗೆ ಬಸ್ಸಿನಲ್ಲಿ ಕೂರುವ ಧೈರ್ಯ ಬಂತು. ತಂಗಿಗೆ ಸುಳಿವು ಕೊಡದೆ ಹತ್ತಿದೆ. ಆದರೆ ಕಂಡಕ್ಟರನ ಬಾಯಲ್ಲೂ ಸೀಟಿ! ಪ್ರತಿ ಸ್ಟಾಪಿಗೂ ಎದ್ದೆ.

"ಅಜ್ಜಾರ, ನಿಮ್ಮೂರ ಬಂತೇನ್ರಿ?"

"ಇಲ್ಲಪಾ, ನಂದು ಸಾವಳಗಿ."

"ಮತ್ಯಾಕ ಎದ್ರಿ?"

ಕಾರಣ ಹೇಳಿದೆ. ಪುಣ್ಯಾತ್ಮ! ಮುಂದೆ ಬಹಳ ಹೊತ್ತು ಸ್ಟಾಪು ಬರದಿದ್ದಾಗ, ತಾನೇ ನನ್ನ ಕಿವಿಯ ಬಳಿ ಬಂದು ಸೀಟಿ ಊದಿದ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಸುತ್ತ ಬರೀ ಕಬ್ಬು.

"ಇಲ್ಲಿ ಯಾರ ಇಳೀತಾರಲೇ?"

"ಯಾರೂ ಇಲ್ಲ, ನಡಿ. ಅಜ್ಜಾರ ಟೊಂಕಕ್ಕ ಹೊಡದಿದ್ದು!"

೪. ಕರೆಯುವುದೆಂದರೆ

ಸಾವಳಗಿಯಲ್ಲಿ ಇಳಿದೆ. ನೋವು ಇರಲಿಲ್ಲವೆಂದಲ್ಲ, ಅದೂ ಇಳಿದು, ಗಲಾಟೆ ಮಾಡದೆ ನನ್ನ ಜೊತೆ ನಡೆದು ಬಂತು. ಬಾಗಿಲಲ್ಲಿ ತಂಗಿಯ ಗಂಡ ಹಣೆ ಬಡಿದುಕೊಂಡ. "ನೀವೆಲ್ಲಿ ಬರ್ತೀರಿ ಅಂತ ಆಕಿ ಆಗಳೇ ಜಮಖಂಡಿ ಬಸ್ ಹತ್ತಿದ್ಲಲ್ರಿ!"

ಫೋನ್ ಮಾಡಿದೆ.

"ಅಣ್ಣಾ, ಖರೇನ ಬಂದೀಯೇನೋ? ಅಲ್ಲೇ ಇರು, ತಿರುಗಿ ಬರ್ತೀನಿ."

"ಯಾಕವಾ, ಹೆಂಗೂ ನಮ್ಮ ಮನಿಗೇ ಹೊಂಟೀದಿ!"

"ಆರು ವರ್ಷಕ್ಕ ಒಮ್ಮೆ ಬಂದೀದಿ, ಕರಸ್ಕೊಳ್ಳದ ಹೆಂಗ ಹೋಗ್ಲಿ? ಮೊಣಕಾಲ ನೋವಾದ್ರ ಆಗವಲ್ದ್ಯಾಕ!"

ತಿರುಗಿ ಬಂದಳು. ತನ್ನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು, "ಹೂಂ, ಈಗ ಕರಿ" ಎಂದಳು. "ಪಂಚಮಿಗೆ ಬಾರವಾ" ಎಂದೆ. "ಇರು, ವಿಚಾರ ಮಾಡ್ತೀನಿ" ಎಂದು ಮೊದಲೇ ತುಂಬಿದ್ದ ಚೀಲ ಎತ್ತಿಕೊಂಡಳು.

ವಾಪಸು ಹೊರಟರೆ ಅದೇ ಬಸ್ಸು, ಅದೇ ಕಂಡಕ್ಟರ್. ಮೊದಲ ಸೀಟಿಗೇ ನಾನು ಎದ್ದೆ. ಮೊಣಕಾಲು ಹಿಡಿದಿದ್ದ ತಂಗಿಯೂ ಎದ್ದಳು.

"ಅಯ್ಯ, ಈಗ ಇಬ್ಬರಾದ್ರೇನ್ರಿ?"

"ನಮ್ಮ ತವರಮನಿ ಪದ್ಧತಿ ಐತಪಾ ಇದು. ನೀ ಸುಮ್ನ ಸೀಟಿ ಹೊಡಿ!" ಎಂದಳು ತಂಗಿ.

ಅಂದು ಶ್ರಾವಣ ಶುದ್ಧ ತದಿಗೆ, ಪಂಚಮಿಗೆ ಎರಡು ದಿನ ಮೊದಲಿನ ರೊಟ್ಟಿ ಹಬ್ಬದ ದಿನ, ಸೋಮವಾರ.