ಚೆಲ್ಲಪ್ಪನ್ ಬರೆದ ನಿನ್ನೆಯ ದಿನ

ಸುಳ್ಳು ಹೇಳುವಷ್ಟು ಇಂಗ್ಲಿಷ್ ಬಾರದೇ ಇದ್ದದ್ದೇ ಚೆಲ್ಲಪ್ಪನಿಗೆ ಮುಳುವಾಯಿತು.

ಕೇರಳದ ಕೈನಕರಿಯ ವಾಚನಾಲಯದಲ್ಲಿ ಭಾನುವಾರ ದೊಡ್ಡವರಿಗೆ ಹತ್ತನೇ ಕ್ಲಾಸಿನ ಪಾಠ. ದೋಣಿ ನಡೆಸುವ ಚೆಲ್ಲಪ್ಪನ್, ಅವನ ಹೆಂಡತಿ ತಂಗಮಣಿ ಇಬ್ಬರೂ ಅಲ್ಲಿ ವಿದ್ಯಾರ್ಥಿಗಳು. ನಿನ್ನೆ ನಡೆದದ್ದನ್ನು ಆಫ್ಟರ್, ವೈಲ್, ಬಿಫೋರ್ ಹಾಕಿ ಜೋಡಿಸಿ ಬರೆದು ತನ್ನಿ ಎಂದಿದ್ದರು ರಜಿತಾ ಟೀಚರ್. ಟೀಚರ್ ಬಿಟ್ಟು ಇನ್ಯಾರು ನೋಡುತ್ತಾರೆಂದು ಚೆಲ್ಲಪ್ಪನ್ ಇದ್ದದ್ದನ್ನೇ ಬರೆದಿದ್ದ: ‘ಹೆಂಡತಿ ಸಂತೆಗೆ ಹೋದ ಮೇಲೆ ನಾನು ಚಹಾದಂಗಡಿಗೆ ಹೋದೆ. ಅವಳು ಮೀನು ಕೊಳ್ಳುತ್ತಿರುವಾಗ ನಾನು ನಾಲ್ಕು ಬಾಳೆಹಣ್ಣಿನ ಪಳಂಪೊರಿ ತಿಂದೆ. ಅವಳು ಬರುವ ಮೊದಲು ಬಾಯಿ ತೊಳೆದೆ.’

ಅವನಿಗೆ ಸಕ್ಕರೆ ಕಾಯಿಲೆ. ಇನ್ನೊಂದು ಸಲ ಸಿಹಿ ಮುಟ್ಟಿದರೆ ಅಣ್ಣನ ಮನೆಗೆ ಹೊರಟೇಬಿಡುತ್ತೇನೆಂದು ತಂಗಮಣಿ ಭಗವತಿಯ ಮೇಲೆ ಆಣೆ ಇಟ್ಟಿದ್ದಳು. ಸುಮ್ಮಸುಮ್ಮನೆ ಆಣೆ ಇಡುವ ಹೆಂಗಸಲ್ಲ ಅವಳು.

“ಇವತ್ತು ಪುಸ್ತಕ ಪಕ್ಕದವರಿಗೆ ಕೊಡಿ. ಅವರೇ ಜೋರಾಗಿ ಓದ್ಲಿ” ಎಂದರು ಟೀಚರ್.

ಪಕ್ಕದಲ್ಲಿದ್ದವನು ಔಸೇಪ್. ಅವನ ಬಾಯಲ್ಲಿ ಒಂದು ಮಾತೂ ನಿಲ್ಲದು. ಎರಡನೇ ಸಾಲಿಗೇ ಅವನ ಮೀಸೆ ಕುಣಿಯಿತು.

“ಬೇಡ ಕಣೋ! ತಿಂಗಳಿಡೀ ನಿನ್ನ ಬಿಟ್ಟಿಯಾಗಿ ಹೊಳೆ ದಾಟಿಸ್ತೀನಿ” ಎಂದು ಚೆಲ್ಲಪ್ಪನ್ ಪಿಸುಗುಟ್ಟಿದ.

“ನಾನು ಈಜ್ಕೊಂಡೇ ಹೋಗ್ತೀನಿ ಬಿಡು. ಟೀಚರೇ, ಇದನ್ನ ತಂಗಮಣಿ ಚೇಚಿನೇ ಓದ್ಬೇಕು!”

ಪುಸ್ತಕ ಹೆಂಗಸರ ಬೆಂಚಿಗೆ ಹೋಯಿತು. ತಂಗಮಣಿ ಎದ್ದು, ಕನ್ನಡಕ ಏರಿಸಿ, ಮನಸ್ಸಿನಲ್ಲೇ ಒಂದು ಸಲ ಓದಿಕೊಂಡಳು. ತುಂಬಿದ ಹೊಳೆಗೂ ಹೆದರದ ಚೆಲ್ಲಪ್ಪನ್ ಬೆಂಚಿನ ಕೆಳಗೆ ಚಪ್ಪಲಿ ಹುಡುಕತೊಡಗಿದ.

“ಹೆಂಡತಿ ಸಂತೆಗೆ ಹೋದ ಮೇಲೆ ನಾನು ಅಂಗಳ ಗುಡಿಸಿದೆ” ಎಂದು ಅವಳು ಇಂಗ್ಲಿಷಿನಲ್ಲಿ ಓದಿದಳು. “ಅನ್ನ ಬೇಯುತ್ತಿರುವಾಗ ಪಾತ್ರೆ ತೊಳೆದೆ. ಅವಳು ಬರುವ ಮೊದಲು ಬಟ್ಟೆ ಒಗೆದೆ.”

ಚಪ್ಪಾಳೆಯೋ ಚಪ್ಪಾಳೆ.

“ಸುಳ್ಳು! ಅದರಲ್ಲಿರೋದೇ ಬೇರೆ!” ಎಂದು ಔಸೇಪ್ ಎದ್ದ.

“ಕೂತ್ಕೊಳ್ರೀ” ಎಂದು ಅವನ ಹೆಂಡತಿ ಏಲಿಯಾಮ್ಮ ಹೆಂಗಸರ ಬೆಂಚಿನಿಂದ ಗದರಿಸಿದಳು. “ಒಂದಿನ ಕುಡಿದ ಲೋಟ ತೊಳ್ದಿದ್ದೀರಾ ನೀವು?”

ಚೆಲ್ಲಪ್ಪನಿಗೆ ಹೋದ ಜೀವ ಬಂತು. ಮನೆಗೆ ಮರಳುವಾಗ ದೋಣಿಯಲ್ಲಿ ಅವನ ಹುಟ್ಟು ತಾನೇ ಹಾಡುವಂತಿತ್ತು.

“ನನ್ನ ಮಾನ ಉಳಿಸ್ದೆ. ದೇವತೆ ಕಣೇ ನೀನು. ಅಣ್ಣನ ಮನೆಗೆ ಹೋಗಲ್ಲ ತಾನೇ?”

“ಹೇಗೆ ಹೋಗ್ಲಿ?” ಎಂದಳು ತಂಗಮಣಿ, ಸೆರಗಿನಿಂದ ಕನ್ನಡಕ ಒರೆಸುತ್ತ. “ನಾಳೆ ಬೆಳಿಗ್ಗೆ ಕ್ಲಾಸಿನ ಹೆಂಗಸ್ರೆಲ್ಲ ಮನೆಗೆ ಬರ್ತಾರೆ. ಗಂಡಂದಿರ್ನೂ ಎಳ್ಕೊಂಡು ಬರ್ತಾರಂತೆ, ನಿಮ್ಮನ್ನ ನೋಡಿ ಕಲೀಲಿ ಅಂತ. ಆರು ಗಂಟೆಗೆ ಅಂಗಳದಿಂದ ಶುರು ಮಾಡಿ.”