ಬಸ್ಸಿಲ್ಲದೆ ಬಸ್ ಹೊರಡಿಸಿದ ಆರನೇ ಗುಂಡಿಯವರಿಗೆ

ಶ್ರೀಮಾನ್ ಆರನೇ ಗುಂಡಿಯವರ ಸನ್ನಿಧಿಗೆ,
ಹಾರ್ನ್ ವಿಭಾಗ, ನನ್ನ ಡಿಜೆ ಮಿಕ್ಸರಿನ ಬಲಮೂಲೆ, ಶಿರಸಿ.

ಮಾನ್ಯರೇ,

ಒಂಬತ್ತು ವರ್ಷಗಳಿಂದ ಮದುವೆ, ಮುಂಜಿ, ಸನ್ಮಾನಗಳಿಗೆ ಮೈಕು ಕಟ್ಟುತ್ತ ಬಂದಿರುವ ತಾರಿಕ್ ಎಂಬ ನಾನು, ತಮ್ಮ ಕೆಂಪು ದೀಪಕ್ಕೆ ಎರಡು ಮಾರು ದೂರದಿಂದಲೇ ಸಲಾಂ ಸಲ್ಲಿಸಿ, ಹತ್ತಿರ ಬಂದರೆ ಎಲ್ಲಿ ಬೆರಳು ತಾಕೀತೋ ಎಂಬ ಭಯಭಕ್ತಿಯಿಂದ ಬರೆದುಕೊಳ್ಳುವ ದೂರು ಏನೆಂದರೆ:

ತಾವು ಎಂಟು ಜನ ಅಣ್ಣತಮ್ಮಂದಿರು ಮಿಕ್ಸರಿನ ಹೊಟ್ಟೆಯಲ್ಲೇ ಹುಟ್ಟಿ ಬಂದವರು. ಎಕೋ, ಸೈರನ್, ನಗು, ಗುಡುಗು, ಚಪ್ಪಾಳೆ, ಹಾರ್ನ್ ಎಲ್ಲವೂ ಒಳಗೇ ಇವೆ, ಹೊರಗಿನಿಂದ ಏನೂ ತುಂಬಬೇಕಿಲ್ಲ ಎಂದು ಅಂಗಡಿಯವರು ಹೇಳಿದಾಗ ನಾನು ಹಿರಿಹಿರಿ ಹಿಗ್ಗಿದ್ದೆ. ಇಡಗುಂದಿಯ ಮದುವೆಯಲ್ಲಿ 'ಎರಡನೇ ಪಂಕ್ತಿಯವರು ಊಟಕ್ಕೆ ಬರಬೇಕು' ಎಂದದ್ದನ್ನು ತಮ್ಮ ಅಣ್ಣನವರಾದ ಎಕೋ ಐದು ಸಲ ಹೇಳಿ, ಐದು ಪಂಕ್ತಿಗಾಗುವಷ್ಟು ಜನರನ್ನು ಒಟ್ಟಿಗೇ ಎಲೆಯ ಮುಂದೆ ತಂದು ನಿಲ್ಲಿಸಿದ್ದನ್ನು ನಾನು ಆಗಲೇ ಕ್ಷಮಿಸಿದ್ದೇನೆ. ಯಲ್ಲಾಪುರದಲ್ಲಿ ಮಗುವಿಗೆ ಹೆಸರಿಟ್ಟ ಕ್ಷಣಕ್ಕೆ ಸರಿಯಾಗಿ ಮೂರನೇ ಗುಂಡಿಯವರು ಗಹಗಹಿಸಿ ನಕ್ಕದ್ದನ್ನೂ ಮರೆತಿದ್ದೇನೆ. ಆದರೆ ದಾಸನಕೊಪ್ಪದಲ್ಲಿ ತಾವು ಮಾಡಿದ್ದನ್ನು ಮರೆಯಲು ಊರಿನವರು ನನ್ನನ್ನು ಬಿಡುತ್ತಿಲ್ಲ.

ಅಂದು ಅಲ್ಲಿ ಬಸ್ ಡ್ರೈವರ್ ಮಂಜಪ್ಪಣ್ಣನವರ ನಿವೃತ್ತಿಯ ಸನ್ಮಾನ. ಬಸ್ ಸ್ಟಾಪಿಗೆ ಅಂಟಿಕೊಂಡಿರುವ ಸಮುದಾಯ ಭವನದಲ್ಲಿ ಊರಿಗೆ ಊರೇ ಸೇರಿತ್ತು. ಇಪ್ಪತ್ತೆಂಟು ವರ್ಷ ಒಂದೇ ದಾರಿಯಲ್ಲಿ ಬಸ್ ಓಡಿಸಿದ ಅವರ ಹಾರ್ನ್ ಎಂದರೆ ಒಂದು ಉದ್ದ, ಎರಡು ಗಿಡ್ಡ; ಅದಾದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ 'ಯಾರಾರ ಉಳದೀರೇನ್ರಿ?' ಎಂದು ಕೇಳಿಯೇ ಗೇರ್ ಹಾಕುವುದು ಅವರ ಕ್ರಮ. ಆ ಹಾರ್ನ್ ಕೇಳಿದರೆ ಊಟ ಬಿಟ್ಟು ಏಳುವುದು ಊರಿನವರ ಕ್ರಮ. ಅವರ ಹೆಂಡತಿ ಪರಿಮಳಕ್ಕನಂತೂ ಅದೇ ಹಾರ್ನಿಗೆ ಊಟದ ಡಬ್ಬಿ ಹಿಡಿದು ರಸ್ತೆ ಬದಿಗೆ ಬಂದು ನಿಲ್ಲುವವರು. ಇವರು ಎಂಜಿನ್ ಆರಿಸದೆಯೇ ಕಿಟಕಿಯಿಂದ ಕೈ ಚಾಚಿ ಡಬ್ಬಿ ತೆಗೆದುಕೊಂಡು ಹೊರಟುಬಿಡುವವರು.

ಸಭೆ ಶುರುವಾಗುವ ಮುಂಚೆ ಮಂಜಪ್ಪಣ್ಣ ನನ್ನ ಬಳಿ ಬಂದು, 'ಮೈಕ್ ಹಿಡದ್ರ ಮಾತ ಮರತ ಹೋಗತಾವೋ ತಾರಿಕ್. ಆದ್ರ ಪರಿಮಳಾಗ ಒಂದ್ ಮಾತು ಎಲ್ಲಾರ ಮುಂದ ಹೇಳೂದೈತಿ, ಇವತ್ತ್ ಬಿಟ್ರ ಇನ್ನ್ ಹೇಳೂದಿಲ್ಲ ನಾ. ನಡುವ ನಿಂತ್ರ ನೀ ಏನಾರ ಮಾಡಪಾ' ಎಂದರು. ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ. ಅವರು ಎದ್ದು 'ಎಲ್ಲಾರಿಗೂ ನಮಸ್ಕಾರ' ಎಂದವರು ಅಲ್ಲಿಗೇ ನಿಂತರು. ಹುರಿದುಂಬಿಸೋಣವೆಂದು ನಾನು 'ಚಪ್ಪಾಳೆ' ಎಂಬ ಚೀಟಿ ಅಂಟಿಸಿದ್ದ ಗುಂಡಿಯನ್ನು ಗಟ್ಟಿಯಾಗಿ ಒತ್ತಿದೆ. ಚೀಟಿಯ ಕೆಳಗೆ ತಾವಿದ್ದಿರಿ.

ಹಿಂದಿನ ದಿನ ನನ್ನ ಅಮ್ಮಿ ಅಮೀನಾಬಿಯವರು ಮಿಕ್ಸರಿನ ಧೂಳು ಒರೆಸಲೆಂದು ಚೀಟಿಗಳನ್ನೆಲ್ಲ ಕಿತ್ತು, ಕನ್ನಡ ಓದಲು ಬಾರದ ಕಾರಣ ನೋಡಲು ಚೆಂದ ಕಾಣುವ ಹಾಗೆ ಮತ್ತೆ ಅಂಟಿಸಿಟ್ಟಿದ್ದರು. ಅಮ್ಮಿಯ ಮೇಲೆ ಬಹಿರಂಗ ಪತ್ರ ಬರೆದು ಅದೇ ಮನೆಯಲ್ಲಿ ಊಟಕ್ಕೆ ಕೂರುವ ಧೈರ್ಯ ನನಗಿಲ್ಲದ್ದರಿಂದ ಈ ದೂರನ್ನು ತಾವೇ ಸ್ವೀಕರಿಸಬೇಕು.

ತಮ್ಮ ಪ್ರತಿಭೆಯನ್ನು ಎಷ್ಟು ಹೊಗಳಿದರೂ ಸಾಲದು. ಎಲ್ಲಿಯೋ ಸಮುದ್ರದಾಚೆಯ ಕಾರ್ಖಾನೆಯಲ್ಲಿ ಹುಟ್ಟಿದ ತಾವು ಒಂದು ಉದ್ದ, ಎರಡು ಗಿಡ್ಡ ಎಂಬ ದಾಸನಕೊಪ್ಪದ ಗುಟ್ಟನ್ನು ಯಾರಿಂದ ಕಲಿತಿರೋ! ನಾಲ್ಕು ಸ್ಪೀಕರುಗಳಿಂದ ತಾವು ಮೊಳಗಿದ್ದೇ ತಡ, ಭವನಕ್ಕೆ ಭವನವೇ ಎದ್ದು ಬಾಗಿಲಿಗೆ ನುಗ್ಗಿತು. ಕುರ್ಚಿಗಳು ಉರುಳಿದವು, ಚಪ್ಪಲಿಗಳು ಅದಲುಬದಲಾದವು, ಸ್ವಂತ ಕಾರಿನಲ್ಲಿ ಬಂದಿದ್ದ ಅಧ್ಯಕ್ಷರೂ ಪಂಚೆ ಎತ್ತಿಕೊಂಡು ಓಡಿದರು. ಡ್ರೈವರ್ ಕಣ್ಣೆದುರೇ ವೇದಿಕೆಯ ಮೇಲೆ ನಿಂತಿರುವಾಗ ಬಸ್ ಹೊರಡುವುದು ಹೇಗೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದ ಡ್ರೈವರೇ ವಾಚು ನೋಡಿಕೊಂಡು, 'ನನ್ ಗಾಡಿ ಯಾರ್ ತಗದ್ರಲೇ!' ಎಂದು ಕೂಗಿ, ಶಾಲು, ಹಾರ, ಹಣ್ಣಿನ ಬುಟ್ಟಿಯ ಸಮೇತ ವೇದಿಕೆಯಿಂದ ಧುಮುಕಿದರು.

ಭವನದಲ್ಲಿ ನಾನೊಬ್ಬನೇ ಉಳಿದೆ. ಕೊಟ್ಟ ಮಾತು ನೀರುಪಾಲಾಯಿತೆಂದು ತಲೆ ಮೇಲೆ ಕೈ ಹೊತ್ತು ಕಿಟಕಿಯಿಂದ ಇಣುಕಿದೆ. ಸ್ಟಾಪಿನಲ್ಲಿ ಬಸ್ಸೂ ಇಲ್ಲ, ಬಸ್ಸಿನ ಹೊಗೆಯೂ ಇಲ್ಲ. ಪರಿಮಳಕ್ಕ ಮಾತ್ರ ರಸ್ತೆ ಬದಿಯ ತಮ್ಮ ಮಾಮೂಲಿ ಜಾಗದಲ್ಲಿ, ಡಬ್ಬಿಯಿಲ್ಲದ ಎರಡೂ ಕೈ ಮುಂದೆ ಚಾಚಿ ನಿಂತಿದ್ದರು. ಮಂಜಪ್ಪಣ್ಣ ಏದುಸಿರು ಬಿಡುತ್ತ ಬಂದು, ಜನರನ್ನೆಲ್ಲ ನೋಡಿ, ಅಭ್ಯಾಸಬಲದಿಂದ 'ಯಾರಾರ ಉಳದೀರೇನ್ರಿ?' ಎಂದರು. ಆಮೇಲೆ ಆ ಖಾಲಿ ಕೈಗಳನ್ನು ಕಂಡರು.

'ಇಪ್ಪತ್ತೆಂಟ್ ವರ್ಷ ಹಿಂಗ ನಿಂತಿ ನೀ. ಊಟ ಚಲೋ ಆಗಿತ್ತು ಅಂತ ಒಂದಿನಾನೂ ಹೇಳ್ಲಿಲ್ಲ ನಾ. ಚಲೋ ಇತ್ತು, ಪರಿಮಳಾ. ದಿನಾ ಚಲೋ ಇತ್ತು' ಎಂದರು. ಒಂದು ಮಾತೂ ಮರೆಯಲಿಲ್ಲ, ಮೈಕೂ ಇರಲಿಲ್ಲ. ಪರಿಮಳಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, 'ಉಪ್ಪು ಹೆಚ್ಚಾದ ದಿನಾನೂ ಚಲೋ ಇತ್ತೇನ್ರಿ?' ಎಂದರು. ಆಗ ಬಿದ್ದ ಚಪ್ಪಾಳೆಯನ್ನು ತಮ್ಮ ಐದನೇ ಗುಂಡಿಯವರು ಏಳು ಜನ್ಮ ಎತ್ತಿದರೂ ಹೊಡೆಯಲಾರರು. ನಾನೂ ಕಿಟಕಿಯಲ್ಲಿ ನಿಂತು ಅತ್ತೆ, ನಕ್ಕೆ, ಸಿಳ್ಳೆ ಹೊಡೆದೆ. ನನ್ನ ಒಂಬತ್ತು ವರ್ಷಗಳಲ್ಲಿ ಕೇಳಿದ ಅತ್ಯುತ್ತಮ ಭಾಷಣ ನನ್ನ ಮೈಕಿಗೇ ಸಿಗದೆ ಹೋದದ್ದು ನನ್ನ ನಿಜವಾದ ದೂರು.

ಆದ್ದರಿಂದ ತಾವು ದಯಮಾಡಿ, ಬಸ್ ಹೊರಡಿಸುವ ಉದ್ಯೋಗದಲ್ಲೇ ಮುಂದುವರಿಯುವುದಾದರೆ ಹೆವಿ ಲೈಸೆನ್ಸ್ ಮಾಡಿಸಿಕೊಳ್ಳಬೇಕು. ಕಣ್ಣಿನ ಪರೀಕ್ಷೆಗೆ ಬೇಕಾದರೆ ನಾನೇ ಹೊತ್ತುಕೊಂಡು ಹೋಗುತ್ತೇನೆ. ಅಂದು ಎಲ್ಲರೂ ಅವಲಕ್ಕಿ ತಿನ್ನಲು ಒಳಗೆ ಬಂದ ಮೇಲೆ, ಹೊಸ ಡ್ರೈವರ್ ಸುನೀಲರವರ ಹಾರ್ನ್ ಯಾರಿಗೂ ಗುರುತು ಸಿಗದೆ ನಿಜವಾದ ಬಸ್ ಖಾಲಿಯಾಗಿಯೇ ಹೋಯಿತು. ಆದಕಾರಣ ತಾವು ಒಂದು ತಿಂಗಳ ಮಟ್ಟಿಗೆ ಅವರ ಪಕ್ಕದಲ್ಲಿ ಕೂತು ಒಂದು ಉದ್ದ, ಎರಡು ಗಿಡ್ಡದ ಪಾಠ ಹೇಳಿಕೊಡಬೇಕೆಂದೂ ಕೋರುತ್ತೇನೆ.

ತಮ್ಮ ಮೇಲೆ ಬೆರಳಿಡಲು ಹೆದರುವ, ಆದರೂ ತಮ್ಮ ವಿಶ್ವಾಸಿ,
ತಾರಿಕ್

ತಾ.ಕ.: ಪರಿಮಳಕ್ಕ ಈಗಷ್ಟೇ ಫೋನ್ ಮಾಡಿದ್ದರು. ಮಂಜಪ್ಪಣ್ಣ ಮನೆಯಲ್ಲೇ ಕೂತು ಮೂರು ಹೊತ್ತೂ ಉಣ್ಣುತ್ತಿದ್ದಾರಂತೆ, ಇಪ್ಪತ್ತು ದಿನವಾದರೂ ಊಟ ಹೇಗಿತ್ತೆಂದು ಮತ್ತೆ ಬಾಯಿ ಬಿಟ್ಟಿಲ್ಲವಂತೆ. ಅವರು ಉಂಡು ಏಳುವ ಹೊತ್ತಿಗೆ ಒಂದು ಸಲ ಒತ್ತಿ ನೋಡಲು, ತಮ್ಮನ್ನೊಬ್ಬರನ್ನೇ ಬಿಚ್ಚಿ ಅವರ ಅಡುಗೆಮನೆಗೆ ಕಳಿಸಿಕೊಡಬೇಕಂತೆ. ಸ್ಕ್ರೂಡ್ರೈವರ್ ಹುಡುಕುತ್ತಿದ್ದೇನೆ.