ಕೋಳಿಯ ಹೊಟ್ಟೆ ಸರಿಯಾದ ಕತೆ

ಕೋಳಿ ಸಾಕುವವರಿಗೆ ನಗಲಿಕ್ಕೆ ಬೇರೆ ಕಾರಣ ಬೇಡ, ದಿನಕ್ಕೊಂದು ತಾನಾಗಿ ಒದಗುತ್ತದೆ. ಬದಿಯಡ್ಕದ ಹತ್ತಿರ ನಾನೂ ನನ್ನ ಗಂಡನೂ ಬ್ರಾಯ್ಲರ್ ಶೆಡ್ ನಡೆಸುತ್ತೇವೆ. ಹಿಂದಿನ ಬ್ಯಾಚಿನಲ್ಲಿ ಕೋಳಿಗಳ ಹೊಟ್ಟೆ ಕೆಟ್ಟು, ಶೆಡ್ಡಿನ ನೆಲವೆಲ್ಲ ಕೆಸರಾಗಿ, ಈ ಕೆಲಸವೇ ಬೇಡ ಎನ್ನುವಷ್ಟು ಸೋತಿದ್ದೆವು. ಗೆದ್ದದ್ದು ಈ ಸಲ.

೧. ಒಳ್ಳೆಯ ಕ್ರಿಮಿ

ಮೃಗಾಸ್ಪತ್ರೆಯ ಡಾಕ್ಟ್ರು ಒಂದು ಪ್ರೋಬಯಾಟಿಕ್ ಪುಡಿ ಬರೆದುಕೊಟ್ಟು, ಮರಿ ಬಂದ ದಿನದಿಂದಲೇ ಫೀಡಿಗೆ ಬೆರೆಸಲು ಹೇಳಿದರು. ಬೆರೆಸುತ್ತಿದ್ದಾಗ ಅತ್ತೆ ಬಂದು, "ಅದೆಂತ ಪುಡಿ?" ಎಂದರು.

"ಕೋಳಿಯ ಹೊಟ್ಟೆಯಲ್ಲಿ ಒಳ್ಳೆಯ ಕ್ರಿಮಿ ಬೆಳೆಸಲಿಕ್ಕೆ ಅತ್ತೆ. ಅವು ಬೆಳೆದರೆ ಕೆಟ್ಟವಕ್ಕೆ ಜಾಗ ಇರುವುದಿಲ್ಲ."

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಕೋಳಿ ಸಾಕಿಯೇ ಸಾಕಾಗಿದೆ. ಇನ್ನು ಅದರ ಹೊಟ್ಟೆಯೊಳಗಿನವರನ್ನೂ ನಾವೇ ಸಾಕಬೇಕಾ?"

೨. ಶುಭೋದಯ

ಕೋಳಿಯ ಹಿಕ್ಕೆ ಹೇಗಿದೆ ಎಂದು ದಿನಾ ಬೆಳಿಗ್ಗೆ ಡಾಕ್ಟ್ರಿಗೆ ವಾಟ್ಸಾಪ್ ಮಾಡಬೇಕಿತ್ತು. ಎರಡು ವಾರ ಕಳೆದ ಮೇಲೆ ಒಂದು ದಿನ ನೋಡಿದರೆ, ಇಡೀ ಶೆಡ್ಡಿನಲ್ಲಿ ಒಂದಾದರೂ ನೀರುನೀರಾಗಿಲ್ಲ! ಸಂಭ್ರಮ ತಡೆಯದೆ ಬರೆದು ಕಳಿಸಿದೆ: "ನಮಸ್ತೆ. ಇವತ್ತು ಎಲ್ಲರದ್ದೂ ಗಟ್ಟಿಯಾಗಿದೆ. ಭಾರೀ ಖುಷಿ."

ಐದೇ ನಿಮಿಷದಲ್ಲಿ ಉಪ್ಪಳದಿಂದ ನಾದಿನಿಯ ಫೋನು. "ಅತ್ತಿಗೆ, ನಿಮ್ಮಲ್ಲಿ ಎಲ್ಲರಿಗೂ ಹೊಟ್ಟೆ ಕೆಟ್ಟಿತ್ತಾ? ಒಂದು ಮಾತು ಹೇಳಲಿಲ್ಲ ನೋಡಿ!"

ನಾನು ಕಳಿಸಿದ್ದು ಕುಟುಂಬದ ಗ್ರೂಪಿಗೆ. ಅಷ್ಟರಲ್ಲಿ ಹದಿನಾಲ್ಕು ಜನ ಕೈಮುಗಿದಾಗಿತ್ತು.

೩. ತನಿಖೆ

ಆಚೆಮನೆಯ ನಿವೃತ್ತ ಮಾಷ್ಟ್ರು ನಮ್ಮ ಶೆಡ್ಡು ನಾರುತ್ತದೆಂದು ಪಂಚಾಯತಿಗೆ ಅರ್ಜಿ ಕೊಟ್ಟರು. ಹಿಂದಿನ ಬ್ಯಾಚಿನ ಮಟ್ಟಿಗೆ ಅದು ಸುಳ್ಳಲ್ಲ. ಹಾಗಾಗಿ ಹೆಲ್ತ್ ಇನ್ಸ್‌ಪೆಕ್ಟರು ಬಂದಾಗ ದೇವರನ್ನು ನೆನೆದೇ ಶೆಡ್ಡಿನ ಬಾಗಿಲು ತೆರೆದೆ. ಅವರು ತಲೆ ಅಲ್ಲಾಡಿಸಿದರೆ ಲೈಸನ್ಸೇ ಹೋಗುತ್ತದೆ. ಮಾಷ್ಟ್ರೂ ಮೂಗಿಗೆ ಕರ್ಚೀಫು ಹಿಡಿದು ಜೊತೆಗೇ ಬಂದಿದ್ದರು.

ಇನ್ಸ್‌ಪೆಕ್ಟರು ಶೆಡ್ಡಿನ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟನ್ನು ಒಂದು ಮುಷ್ಟಿ ತೆಗೆದು ಹಿಂಡಿದರು. ಪುಡಿಪುಡಿಯಾಗಿ ಉದುರಿತು. ಮೂಸಿದರು. "ಇಲ್ಲಿ ಎಂತದೂ ಇಲ್ಲವಲ್ಲ?"

"ಸರಿಯಾಗಿ ನೋಡಿ ಸಾರ್, ಈಗಲೂ ಬರ್ತಾ ಉಂಟು!" ಎಂದರು ಮಾಷ್ಟ್ರು.

ನಿಜ, ಗಾಳಿಯಲ್ಲಿ ಏನೋ ಇತ್ತು. ಇನ್ಸ್‌ಪೆಕ್ಟರು ಮೂಗು ಮುಂದೆ ಮಾಡಿ ಹೊರಟರು. ಹಿಂದೆ ಮಾಷ್ಟ್ರು, ಅವರ ಹಿಂದೆ ನಾವು. ಶೆಡ್ಡು ದಾಟಿ, ಬೇಲಿ ದಾಟಿ, ಮೆರವಣಿಗೆ ನಿಂತದ್ದು ಮಾಷ್ಟ್ರ ಬಾಳೆಯ ಬುಡದಲ್ಲಿ. ಅಲ್ಲಿ ಎರಡು ಗೋಣಿ ಮೀನಿನ ಗೊಬ್ಬರ ಬಾಯಿ ತೆರೆದುಕೊಂಡು ಕೂತಿತ್ತು.

ಇನ್ಸ್‌ಪೆಕ್ಟರು ಪೆನ್ನು ತೆಗೆದು ಗಂಭೀರವಾಗಿ ಹೇಳಿದರು: "ಮಾಷ್ಟ್ರೇ, ನಿಮ್ಮ ದೂರು ನೂರಕ್ಕೆ ನೂರು ಸರಿ ಉಂಟು. ವಿಳಾಸ ಮಾತ್ರ ತಿದ್ದಬೇಕು."